ಯಾರ ತಕರಾರೂ ಇಲ್ಲ

ಹೋದ ವಾರ ಸುರಪುರಕ್ಕೆ, ತಂಗಿಯ ಮಗಳ ಕೂಸನ್ನು ನೋಡಲು ಹೋಗಿದ್ದೆ. ಒಳಕೋಣೆಯಲ್ಲಿ ಯಾರೋ ಬಜೆಯ ಬೇರನ್ನು ದೀಪಕ್ಕೆ ಹಿಡಿದು ಸುಟ್ಟು, ಹರಳೆಣ್ಣೆಯಲ್ಲಿ ತೇಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ಚಹಾದ ಕಪ್ಪನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ಆ ವಾಸನೆ ನನ್ನ ಪಾಲಿಗೆ ಒಬ್ಬಳೇ ಹೆಂಗಸಿನದು. ಅವಳ ಕೈ, ಸೆರಗು, ಅವಳು ಹಾದುಹೋದ ಪಡಸಾಲೆ ಎಲ್ಲವೂ ಹಾಗೆ ನಾರುತ್ತಿದ್ದವು...

ಅವಳನ್ನು ನಾವೆಲ್ಲ ಆಯಾ ಎಂದೇ ಕರೆಯುತ್ತಿದ್ದೆವು. ಯಾದಗಿರಿಯಲ್ಲಿ ದಿಕ್ಕಿಲ್ಲದ ಕೂಸುಗಳನ್ನು ಇಟ್ಟುಕೊಂಡು ದತ್ತು ಕೊಡುವ ಒಂದು ಸಣ್ಣ ಸಂಸ್ಥೆಯಿತ್ತು. ನಾನು ಅಲ್ಲಿ ಕಾಗದಪತ್ರ ನೋಡುವವಳು, ಅವಳು ಕೂಸು ನೋಡುವವಳು. ಹತ್ತಿರದ ಬಳಿಚಕ್ರ ಎಂಬ ಹಳ್ಳಿಯ, ಕುರಿ ಸಾಕುವ ಮನೆತನದವಳು. ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಾತು ಕಡಿಮೆ. ನಡೆಯುವಾಗ ಎಡಗೈ ಯಾವಾಗಲೂ ಮಡಿಚಿರುತ್ತಿತ್ತು, ಕೂಸು ಇದ್ದರೂ ಇಲ್ಲದಿದ್ದರೂ.

ಒಂದು ಸಲ ಅಲ್ಲಿಗೆ ಒಂದು ಹುಡುಗಿ ಬಂತು, ನಾಲ್ಕು ದಿನದ್ದು. ಶಹಾಪುರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಕೆಳಗೆ ಸಿಕ್ಕಿತ್ತು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಅಂಗುಳವೂ ಸೀಳಿತ್ತು. ಬಾಟಲಿ ಹೀರಲು ಬಾರದು, ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತು. ಡಾಕ್ಟರು ಒಂದು ವಾರ ಬದುಕಿದರೆ ಹೆಚ್ಚು ಎಂದರು. ಆಯಾ ಕೂಸನ್ನು ನೆಟ್ಟಗೆ ತೊಡೆಯ ಮೇಲೆ ಕೂರಿಸಿ, ಚಮಚದಿಂದ ಹನಿ ಹನಿಯಾಗಿ, ಒಂದು ಸಣ್ಣ ಬಟ್ಟಲು ಹಾಲಿಗೆ ಒಂದೂವರೆ ತಾಸು ಹಿಡಿದು ಕುಡಿಸಿದಳು. ದಿನಕ್ಕೆ ಎಂಟು ಸಲ. ಹೀಗೆ ಹನ್ನೊಂದು ತಿಂಗಳು. ಆಮೇಲೆ ತುಟಿ ಹೊಲಿದರು, ಅಂಗುಳ ಹೊಲಿದರು. ಗಾಯದ ಗೆರೆ ಉಳಿಯಿತು, ಮಾತು ಮೂಗಿನಲ್ಲೇ ಉಳಿಯಿತು. ಅವ್ವ ಎಂದು ಕರೆಯಲು ಹೋದರೆ 'ಅಂಞ' ಎಂದು ಬರುತ್ತಿತ್ತು. ಆಯಾಗೆ ಅದು ಎಷ್ಟು ದೂರದಿಂದಲೂ ಕೇಳಿಸುತ್ತಿತ್ತು.

ಹೆತ್ತವರಿದ್ದರೆ ಬರಲೆಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು, ಯಾರೂ ಬರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಕೂಸನ್ನು 'ದತ್ತುಮುಕ್ತ' ಎಂದು ಘೋಷಿಸಿತು. ಕಾಗದ ಓದಿ ಹೇಳಿದಾಗ ಆಯಾ ಕೇಳಿದಳು, "ಮುಕ್ತ ಅಂದ್ರ ಏನ್ರಿ ಅಕ್ಕೋರ? ಯಾರಿಂದ ಮುಕ್ತ?"

"ಹೆತ್ತವರ ಹಕ್ಕಿನಿಂದ. ಇನ್ನ ಯಾರಿಗಾದ್ರೂ ಕೊಡಬಹುದು."

"ಮತ್ತ ಸಾಕಿದವ್ರ ಹಕ್ಕು?"

ಅದಕ್ಕೆ ಕಾಗದದಲ್ಲಿ ಕಾಲಂ ಇಲ್ಲ ಎಂದೆ. ತಮಾಷೆಗೆ ಹೇಳಿದ್ದೆ. ಅವಳು ನಗಲಿಲ್ಲ.

ಮೊದಲು ನಮ್ಮ ದೇಶದವರಿಗೇ ತೋರಿಸಬೇಕೆಂಬ ನಿಯಮ. ಮೂರು ಜೋಡಿ ಬಂದರು. ದಕ್ಷಿಣದ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು ಆಯಾಗೆ, "ಸ್ವಲ್ಪ ನಗ್ಸಿ ನೋಡೋಣ, ನಕ್ಕಾಗ ಎಷ್ಟು ಕಾಣತ್ತೆ ಅಂತ" ಎಂದರು. ಆಯಾ ಹೊಟ್ಟೆಗೆ ಕಚಗುಳಿ ಇಟ್ಟು ನಗಿಸಿದಳು. ಹುಡುಗಿ ಬಾಯ್ತುಂಬ ನಕ್ಕಿತು. ಆ ಹೆಂಗಸು ಗಂಡನ ಕಡೆ ನೋಡಿ, "ಬೇರೆ ಮಗು ಫೋಟೋ ಇದ್ಯಾ?" ಎಂದು ನನ್ನನ್ನು ಕೇಳಿದರು. ಅವತ್ತಿನಿಂದ ಹೊರಗಿನವರು ಬಂದಾಗ ಆಯಾ ಆ ಹುಡುಗಿಯನ್ನು ನಗಿಸುತ್ತಿರಲಿಲ್ಲ.

ಮೂರೂ ಕಡೆಯವರು ಬೇಡವೆಂದ ಮೇಲೆ ಹುಡುಗಿಯ ವರದಿ ಪರದೇಶದವರ ಪಟ್ಟಿಗೆ ಹೋಯಿತು. ವಿಶೇಷ ಅಗತ್ಯದ ಮಗು ಎಂದು. ಎರಡೇ ತಿಂಗಳಿಗೆ ಯುರೋಪಿನ ಸಮುದ್ರ ದಂಡೆಯ ಒಂದು ಊರಿನ ದಂಪತಿ ಒಪ್ಪಿಕೊಂಡು ಸಹಿ ಹಾಕಿ ಕಳಿಸಿದರು. ಅದು ನನ್ನ ಮೊದಲ ವಿದೇಶಿ ದತ್ತು. ಅವರ ಮನೆ, ಸಂಸಾರ, ಸಂಪಾದನೆಯನ್ನೆಲ್ಲ ಪರೀಕ್ಷಿಸಿ ಬರೆದ 'ಮನೆ ಅಧ್ಯಯನ'ದ ವರದಿ ದಪ್ಪ ಪುಸ್ತಕದಂತಿತ್ತು. ಆಫೀಸಿನಲ್ಲೆಲ್ಲ ಪೇಢೆ ಹಂಚಿದೆ. ಆಯಾ ಕೈಗೂ ಒಂದು ಇಟ್ಟೆ. ಅದನ್ನು ಹಿಡಿದುಕೊಂಡೇ ಅವಳು ನಿಂತಿದ್ದಳು.

"ನಾನ ತಗೊಂಡ್ರ ಹೆಂಗ್ರಿ?"

"ಏನನ್ನ?"

"ಹುಡುಗೀನ್ನ."

ಆಧಾರ್ ಕಾರ್ಡು ತಾ ಎಂದೆ. ಒಂಟಿ ಹೆಣ್ಣು ಆ ಪ್ರಾಯದ ಮಗುವನ್ನು ದತ್ತು ತೆಗೆದುಕೊಳ್ಳಬೇಕಾದರೆ ಐವತ್ತು ದಾಟಿರಬಾರದು. ಅವಳ ಕಾರ್ಡು ಐವತ್ತೆಂಟು ಎನ್ನುತ್ತಿತ್ತು. ಕಾರ್ಡು ಮಾಡುವವನು ಅವಳ ನರೆತ ತಲೆ ನೋಡಿ ಅಂದಾಜಿಗೆ ಒಂದು ಇಸವಿ ಬರೆದಿದ್ದ. ಅವಳ ತಮ್ಮನಿಗೆ ಆಗ ನಲವತ್ತೆರಡು, ಇವಳು ಅವನಿಗಿಂತ ಮೂರು ವರ್ಷ ದೊಡ್ಡವಳು. ತಿದ್ದುಪಡಿ ಮಾಡಿಸಬಹುದಿತ್ತು. ಆದರೆ ಆಕ್ಷೇಪವೆದ್ದು ಫೈಲು ನಿಲ್ಲುತ್ತಿತ್ತು, ಆ ದಂಪತಿ ಬೇರೆ ಮಗು ನೋಡಿಕೊಳ್ಳುತ್ತಿದ್ದರು, ನಾನು ಎಲ್ಲರಿಗೂ ಉತ್ತರ ಕೊಡಬೇಕಾಗುತ್ತಿತ್ತು. "ನಿನ್ನ ವಯಸ್ಸು ಮೀರ್‍ಯದ, ಆಗಂಗಿಲ್ಲ" ಎಂದೆ. ಅವಳು ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ಓದಲು ಬರುವವಳಂತೆ ಬಹಳ ಹೊತ್ತು ನೋಡಿದಳು.

ಆಮೇಲೆ ದೆಹಲಿಯಿಂದ ನಿರಾಕ್ಷೇಪಣಾ ಪತ್ರ ಬಂತು. ಹಾಗೆಂದರೇನು ಎಂದು ಅವಳು ಕೇಳಿದಳು. ಈ ಹುಡುಗಿ ಪರದೇಶಕ್ಕೆ ಹೋಗಲು ಯಾರ ತಕರಾರೂ ಇಲ್ಲ ಅಂತ ಸರ್ಕಾರ ಬರೆದು ಕೊಟ್ಟಿದೆ ಎಂದೆ.

"ನಂದದ ಅಲ್ರಿ ತಕರಾರು. ಎಲ್ಲಿ ಬರಸಬೇಕ್ರಿ ಅದನ್ನ?"

ನಾನು ಪತ್ರವನ್ನು ಫೈಲಿಗೆ ಪಂಚ್ ಮಾಡಿ ಹಾಕಿದೆ.

ದಂಪತಿ ಒಂದು ಆಲ್ಬಂ ಕಳಿಸಿದ್ದರು. ಅವರಿಬ್ಬರ ಮುಖ, ಹಳದಿ ಮನೆ, ನಾಯಿ, ಒಂದು ಸಣ್ಣ ಹಾಸಿಗೆ. ಹುಡುಗಿಗೆ ಅದನ್ನು ದಿನಾ ತೋರಿಸಿ ರೂಢಿ ಮಾಡಿಸಬೇಕು. ಆ ಕೆಲಸವನ್ನು ಆಯಾಗೇ ಹಚ್ಚಿದೆ, ಅವಳು ಹೇಳಿದರೆ ಮಾತ್ರ ಹುಡುಗಿ ಕೇಳುತ್ತಿತ್ತು. ಆಯಾ ಹುಡುಗಿಯ ಬೆರಳು ಹಿಡಿದು ಆ ಹೆಂಗಸಿನ ಮುಖದ ಮೇಲಿಟ್ಟು ಹೇಳಿಕೊಡುತ್ತಿದ್ದಳು, "ಇಕಿ ಯಾರು? ಇಕಿ ನಿಮ್ಮವ್ವ." ಹುಡುಗಿ ಬೆರಳನ್ನು ಎತ್ತಿ ಆಯಾಳ ಗಲ್ಲಕ್ಕೆ ಚುಚ್ಚುತ್ತಿತ್ತು. ಆಯಾ ಬೆರಳನ್ನು ಮತ್ತೆ ಫೋಟೋದ ಮೇಲಿಡುತ್ತಿದ್ದಳು.

ಒಮ್ಮೆ ಅವಳು ನನಗೆ ಹೇಳಿದ್ದಳು. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಕೂಡಿಸಬೇಕಾದರೆ ಆ ಕುರಿಯದೇ ಹಾಲನ್ನು ಮರಿಯ ಮೈಗೆಲ್ಲ ಸವರುತ್ತಾರೆ, ವಾಸನೆ ಹಿಡಿದು ಕುರಿ ನೆಕ್ಕುತ್ತದೆ, ಒಂದು ದಿನದಲ್ಲಿ ತನ್ನದೇ ಅನ್ನುತ್ತದೆ. "ಕುರಿಗಾದ್ರ ಆತು," ಎಂದಳು, "ಮರಿಗೆ ಹೆಂಗ ಮರಸ್ತೀರಿ?"

ಕೋರ್ಟಿನ ಆದೇಶ ನಾವಂದುಕೊಂಡದ್ದಕ್ಕಿಂತ ಬೇಗ ಬಂತು. ಪಾಸ್‌ಪೋರ್ಟೂ ಬಂತು. ದಂಪತಿ ಟಿಕೆಟ್ ಮಾಡಿಸಿದರು. ಅವರು ಬರಲು ಹದಿನೈದು ದಿನವೂ ಇರಲಿಲ್ಲ. ಹುಡುಗಿಗೆ ನಾಲ್ಕೂವರೆ ವರ್ಷ, ಆಯಾಳ ಸೆರಗು ಬಿಡುತ್ತಿರಲಿಲ್ಲ. ತರಬೇತಿಯಲ್ಲಿ ಕೊಟ್ಟ ಕೈಪಿಡಿಯಲ್ಲಿ, ಸಾಕಿದವರಿಂದ ಮಗುವನ್ನು 'ನಿಧಾನವಾಗಿ' ಬಿಡಿಸಬೇಕು ಎಂದು ಬರೆದಿತ್ತು. ನನಗೆ ನಿಧಾನಕ್ಕೆ ಸಮಯವಿರಲಿಲ್ಲ. ಆಯಾಳನ್ನು ಎಳೆಗೂಸುಗಳ ಕೋಣೆಗೆ ಹಾಕಿ, ನಡುವಿನ ಬಾಗಿಲಿಗೆ ಚಿಲಕ ಹಾಕಿಸಿದೆ. ಹುಡುಗಿ ಕರೆದರೆ ಓ ಎನ್ನಬಾರದು, ಕಣ್ಣಿಗೆ ಬೀಳಬಾರದು ಎಂದೆ.

ಮೊದಲ ದಿನ ಹುಡುಗಿ ಬಾಗಿಲ ಮುಂದೆ ನಿಂತು ಕರೆಯಿತು. ಎರಡನೆಯ ದಿನ ಬಾಗಿಲನ್ನು ಒದ್ದಿತು. ಮೂರನೆಯ ದಿನ ಊಟ ಮುಟ್ಟಲಿಲ್ಲ. ಬಾಗಿಲ ಬುಡದ ಸಂದಿಗೆ ಬಾಯಿ ಹಚ್ಚಿ ಮಲಗಿ 'ಅಂಞ, ಅಂಞ' ಎನ್ನುತ್ತಿತ್ತು. ನಾನು ಸುತ್ತು ಬಳಸಿ ಆಚೆ ಕೋಣೆಗೆ ಹೋದೆ. ಆಯಾ ಅದೇ ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಿದ್ದಳು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ನನ್ನನ್ನು ನೋಡಿ ತೆಗೆದಳು.

"ಒಂದ ಸಲ ಓ ಅಂತೀನ್ರಿ ಅಕ್ಕೋರ. ಬ್ಯಾರೆ ಏನೂ ಅನ್ನಂಗಿಲ್ಲ."

"ಓ ಅಂದಿ ಅಂದ್ರ ಮತ್ತ ಮೊದಲಿಂದ ಶುರು ಮಾಡಬೇಕಾಗ್ತದ."

"ಅವ್ವ ಸತ್ತೋಗ್ಯಾಳ ಅಂತ ತಿಳೀತದ್ರಿ ಅದು."

"ತಿಳೀಲಿ," ಎಂದೆ. "ಹಂಗ ತಿಳಿದ್ರ ಲಗೂನ ಮರೀತದ."

ಇದನ್ನು ನಾನೇ ಹೇಳಿದೆ. ಬೇರೆ ಯಾರೂ ಹೇಳಿಸಿದ್ದಲ್ಲ.

ಆಯಾ ಸೆರಗನ್ನು ಮತ್ತೆ ಬಾಯಿಗಿಟ್ಟುಕೊಂಡಳು. ಹುಡುಗಿಯ ಕೂಗು ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಒಂಬತ್ತನೆಯ ದಿನ ಹುಡುಗಿ ಬಾಗಿಲ ಕಡೆಗೆ ಹೋಗಲಿಲ್ಲ. ಕೊಟ್ಟದ್ದನ್ನು ತಿಂದಿತು, ಆಲ್ಬಂ ಮುಂದಿಟ್ಟರೆ ತಾನೇ ಬೆರಳು ತೋರಿಸಿ ಮಮ್ಮ, ಪಪ್ಪ ಎಂದಿತು. ನಾನು ವರದಿಯಲ್ಲಿ ಬರೆದೆ: ಮಗು ಉತ್ತಮವಾಗಿ ಹೊಂದಿಕೊಂಡಿದೆ, ಆರೈಕೆ ಮಾಡಿದವರೊಂದಿಗೆ ಯಾವುದೇ ವಿಶೇಷ ಬಾಂಧವ್ಯ ಕಂಡುಬಂದಿಲ್ಲ.

ಆ ದಂಪತಿ ಒಳ್ಳೆಯವರು. ನೆಲದ ಮೇಲೆ ಕೂತು ಹುಡುಗಿಯ ಜೊತೆ ಬಣ್ಣದ ಡಬ್ಬಿ ಜೋಡಿಸುವ ಆಟ ಆಡಿದರು. ಹೊರಡುವಾಗ ಆ ಹೆಂಗಸು ನನ್ನನ್ನು ಕೇಳಿದರು, ಇವಳನ್ನು ಮುಖ್ಯವಾಗಿ ನೋಡಿಕೊಂಡವರು ಯಾರಾದರೂ ಇದ್ದಾರೆಯೇ, ಒಮ್ಮೆ ಕೈಮುಗಿಯಬೇಕು. ಆಯಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕರೆದರೆ ಹುಡುಗಿ ಕಾರು ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಎಲ್ಲರೂ ಸೇರಿ ನೋಡಿಕೊಂಡೆವು ಎಂದೆ. ಹುಡುಗಿ ಕಾರಿನಲ್ಲಿ ಕೂತು ನೇರ ಮುಂದೆ ನೋಡುತ್ತಿತ್ತು. ಹಿಂತಿರುಗಿ ನೋಡಲಿಲ್ಲ.

"ಅತ್ತಳೇನ್ರಿ?" ಎಂದು ಸಂಜೆ ಆಯಾ ಕೇಳಿದಳು.

"ಇಲ್ಲ."

"ಯಾರನ್ನರ ಕೇಳಿದಳೇನ್ರಿ?"

"ಇಲ್ಲ."

"ಚಲೋ ಆತು," ಎಂದಳು. ಒಣಗಿದ ಬಟ್ಟೆ ಮಡಿಚಿಟ್ಟಳು. ಆ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಲಿಲ್ಲ.

ದತ್ತು ಹೋದ ಮೇಲೆ ಎರಡು ವರ್ಷ ವರದಿಗಳು ಬರಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಅದು ಹೇಗೋ ಅವಳಿಗೆ ತಲೆಯಲ್ಲಿತ್ತು. ಬಳಿಚಕ್ರದಿಂದ ಬಸ್ಸು ಹತ್ತಿ ಬಂದು ನನ್ನ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದಳು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ತೂಕ ಇಷ್ಟು, ಎತ್ತರ ಇಷ್ಟು, ಶಾಲೆಗೆ ಸೇರಿದೆ, ಮಾತಿನ ವೈದ್ಯರ ಬಳಿ ಹೋಗುತ್ತಿದೆ. ಅವಳು ಫೋಟೋದಲ್ಲಿ ಹುಡುಗಿಯ ತುಟಿಯನ್ನಷ್ಟೇ ನೋಡುತ್ತಿದ್ದಳು. ಎರಡನೆಯ ವರದಿಯಲ್ಲಿ ಒಂದು ಸಾಲಿತ್ತು: ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚಲು ಬಿಡುವುದಿಲ್ಲ, ಕಾರಣ ನಿಮಗೆ ತಿಳಿದಿದೆಯೇ? ಅದನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಅವರಿಗೆ ಉತ್ತರವನ್ನೂ ಬರೆಯಲಿಲ್ಲ.

ಕೊನೆಯ ವರದಿ ಮುಗಿದ ಮೇಲೂ ಅವಳು ಬಂದಳು. ಇನ್ನು ಬರುವುದಿಲ್ಲ, ಫೈಲು ಮುಗಿಯಿತು ಎಂದೆ.

"ಫೈಲ್ ಮುಗೀತು ಖರೆ," ಎಂದಳು. "ಹುಡುಗಿ ಬೆಳ್ಯಾಕತ್ತಾಳಲ್ರಿ ಇನ್ನ."

ನಾನು ಬೇರೆ ಕೆಲಸವಿದೆ ಎಂದು ಎದ್ದು ಒಳಗೆ ಹೋದೆ. ಸ್ವಲ್ಪ ಹೊತ್ತು ನಿಂತಿದ್ದು ಹೋದಳಂತೆ. ಅವಳನ್ನು ನಾನು ಕಂಡದ್ದು ಅದೇ ಕಡೆಯ ಸಲ. ಮೂರು ವರ್ಷದ ನಂತರ, ಬಳಿಚಕ್ರದಿಂದ ಕಾಯಿಪಲ್ಯ ತರುವ ಹೆಂಗಸೊಬ್ಬಳು ಹೇಳಿದಳು, ಆಯಾ ಜ್ವರ ಬಂದು ಎಂಟೇ ದಿನದಲ್ಲಿ ಹೋದಳು, ಆಗಲೇ ಒಂದು ವರ್ಷವಾಯಿತು ಎಂದು. ಬದನೆಕಾಯಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ...

ನಾನೀಗ ಆ ಕೆಲಸದಲ್ಲಿಲ್ಲ. ಶಹಾಪುರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಾಲ್ಕು ತಿಂಗಳ ಹಿಂದೆ, ನನ್ನ ಜಾಗಕ್ಕೆ ಬಂದಿರುವ ಹುಡುಗಿ ಯಾದಗಿರಿಯಿಂದ ಫೋನ್ ಮಾಡಿದಳು.

"ಮೇಡಂ, ನಿಮ್ಮ ಟೈಮಿನ ಒಂದು ಕೇಸದರಿ. ಪರದೇಶಕ್ಕ ದತ್ತು ಹೋದ ಆ ಹುಡುಗಿಗೆ ಈಗ ಹದಿಮೂರು. ಪದೇ ಪದೇ ಒಂದ ಕನಸು ಬೀಳ್ತದಂತ. ಬಾಗಿಲ ಆಚೆ ಅವ್ವ ಇರ್ತಾಳಂತ, ಎಷ್ಟು ಕರದ್ರೂ ತೆಗಿಯಂಗಿಲ್ಲಂತ. ತಾಯಿ ಮೇಲ್ ಹಾಕ್ಯಾರ. ಇದು ಬರೇ ಕನಸೋ, ನಿಮ್ಮಲ್ಲಿ ಇದ್ದಾಗ ಅಂಥಾದ್ದೇನರ ಆಗಿತ್ತೋ ಅಂತ ಕೇಳ್ಯಾರ. ಫೈಲ್‌ನಾಗ ಏನೂ ಇಲ್ಲ. ಆಗಿತ್ತೇನ್ರಿ?"

ನಾನು ಉಸಿರು ತೆಗೆದುಕೊಂಡದ್ದು ನೆನಪಿದೆ. ಆ ಒಂದು ಉಸಿರಿನಲ್ಲಿ ನನ್ನ ಸಹಿಯಿದ್ದ ವರದಿ ಕಣ್ಣ ಮುಂದೆ ಬಂತು.

"ಇಲ್ಲ," ಎಂದೆ. "ಅಂಥಾದ್ದೇನೂ ಆಗಿಲ್ಲ."

ಮೂರು ದಿನ ಬಾಯಿಗೆ ಅನ್ನ ಹತ್ತಲಿಲ್ಲ. ನಾಲ್ಕನೆಯ ದಿನ ನಾನೇ ಫೋನ್ ಮಾಡಿದೆ. ಒಬ್ಬಳಿದ್ದಳು, ಬಾಗಿಲ ಆಚೆಯೇ ಕೂತಿದ್ದಳು, ಕರೆದದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತು, ಓ ಅನ್ನಲು ನಾನು ಬಿಡಲಿಲ್ಲ... ಇದನ್ನೆಲ್ಲ ಬರೆದು ಕಳಿಸು ಎಂದೆ.

"ಮೇಡಂ, ಅವತ್ತೇ ಉತ್ತರ ಕಳಿಸಿಬಿಟ್ಟೀವ್ರಿ," ಎಂದಳು. "ಅವರೂ ವಾಪಸ್ ಬರದಾರ. ಥ್ಯಾಂಕ್ಸ್ ಹೇಳ್ಯಾರ. ಕನಸಂತ ತಿಳಿದು ಹುಡುಗಿಗೆ ಸಮಾಧಾನ ಆಗ್ಯದಂತ."