ಕೂತು ಕುಣಿದ ಅಸ್ಥಿಪಂಜರಗಳು

ಮಾಂಸ ಕರಗಿ ಎಲುಬಷ್ಟೇ ಉಳಿದ ಮೇಲೆ ಮನುಷ್ಯರೆಲ್ಲ ಒಂದೇ. ಅಲ್ಲಿ ಅರಸನಿಲ್ಲ, ಆಳಿಲ್ಲ, ಮೇಲಿಲ್ಲ, ಕೀಳಿಲ್ಲ. ಇದನ್ನು ಹೇಳಿದ ಜ್ಞಾನಿಗಳು ಯಾರೂ ನಮ್ಮ ಶಾಲೆಯ ಸ್ಥಾನಿಕ ಸಮಿತಿಯ ಸಭೆಯಲ್ಲಿ ಕೂತವರಲ್ಲ.

ನಮ್ಮ ಶಿಕ್ಷಣ ಸಂಸ್ಥೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದೊಂದು ಪ್ರೌಢಶಾಲೆ. ನಾನು ಸಿಂದಗಿಯದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ವರ್ಷಕ್ಕೊಮ್ಮೆ ನಾಲ್ಕೂ ಶಾಲೆಗಳು ಒಂದೂರಲ್ಲಿ ಸೇರಿ ಗ್ಯಾದರಿಂಗ್ ನಡೆಸುವುದು, ಅದರಲ್ಲಿ ನೃತ್ಯಸ್ಪರ್ಧೆ ಇಡುವುದು ರೂಢಿ. ವಿದ್ಯೆಯ ವಿಷಯದಲ್ಲಿ ಈ ಶಾಲೆಗಳ ನಡುವೆ ಪೈಪೋಟಿ ಇದ್ದದ್ದನ್ನು ನಾನು ಕಂಡಿಲ್ಲ. ಗಣಿತದಲ್ಲಿ ಅರ್ಧ ತರಗತಿ ನಪಾಸಾದರೂ ಯಾರ ಹುಬ್ಬೂ ಏರುತ್ತಿರಲಿಲ್ಲ. ಕುಣಿತದಲ್ಲಿ ಎರಡನೇ ಸ್ಥಾನ ಬಂದರೆ ಮಾತ್ರ ಸಮಿತಿಯವರು ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆಂದು ಕೇಳುತ್ತಿದ್ದರು.

ಆ ವರ್ಷ ಸಂಸ್ಥೆಯ ಮೇಲಿನವರು ಸ್ಪರ್ಧೆಗೆ ‘ವಿಜ್ಞಾನ’ ಎಂಬ ವಿಷಯ ಕೊಟ್ಟಿದ್ದರು. ನಮ್ಮ ಸ್ಥಾನಿಕ ಸಮಿತಿಯ ಚೇರ್ಮನ್ನರು ವಿಜ್ಞಾನವನ್ನು ಮೊಮ್ಮಗನ ಮೊಬೈಲಿನಲ್ಲಿ ನೋಡಿದ್ದರು. ಅದರಲ್ಲಿ ನಾಲ್ಕು ಅಸ್ಥಿಪಂಜರಗಳು ಕೈ ಕೈ ಹಿಡಿದು ಸೊಂಟ ಕುಣಿಸುತ್ತಿದ್ದವಂತೆ. ಮರುದಿನವೇ ಸ್ಟಾಫ್ ರೂಮಿಗೆ ಬಂದರು.

“ಮಾಸ್ತರ, ನಿಮ್ಮ ಲ್ಯಾಬಿನ್ಯಾಗ ಒಂದ ಐತೆಲ್ಲ, ಅಂಥಾವ ನಾಕ ಕುಣಸ್ರಿ.”

“ಎಲುಬು ತಾನಾಗಿ ಕುಣಿಯೂದಿಲ್ರಿ ಸಾಹೇಬ್ರ. ಸ್ನಾಯು ಬೇಕಾಗ್ತಾವು.”

“ಬೇಕಾದ್ದ ತರಸ್ರಿ. ಖರ್ಚಿನ ಬಗ್ಗೆ ನೋಡಬ್ಯಾಡ್ರಿ.”

ನಮ್ಮ ಲ್ಯಾಬಿನ ಅಸ್ಥಿಪಂಜರದ ಬಗ್ಗೆ ಒಂದು ಮಾತು. ಅದು ಪ್ಲಾಸ್ಟಿಕ್ಕಿನದು. ಜೋಡಿಸಿದ ಪುಣ್ಯಾತ್ಮ ಎಡಗೈಯನ್ನು ಬಲಕ್ಕೂ ಬಲಗೈಯನ್ನು ಎಡಕ್ಕೂ ಸಿಕ್ಕಿಸಿದ್ದ. ನಾನು ಬಿಚ್ಚಿ ಸರಿಮಾಡಬೇಕಾಯಿತು. ಪ್ರತಿ ದಸರೆಯ ಖಂಡೆಪೂಜೆಗೆ ಅದಕ್ಕೂ ಸೂಕ್ಷ್ಮದರ್ಶಕಕ್ಕೂ ಒಟ್ಟಿಗೇ ಪೂಜೆ ಆಗುತ್ತಿತ್ತು. ಬುರುಡೆಗೆ ವಿಭೂತಿ, ಕೊರಳಿಗೆ ಚೆಂಡುಹೂವು, ಪಾದದ ಬಳಿ ಲಿಂಬೆಹಣ್ಣು. ಇನ್ನೂರಾರು ಎಲುಬುಗಳಲ್ಲಿ ಒಂದರ ಹೆಸರನ್ನೂ ಹೇಳಲಾರದ ಹುಡುಗರು ಅದರೆದುರು ಕಣ್ಣುಮುಚ್ಚಿ ಪಾಸು ಮಾಡೆಂದು ಬೇಡಿಕೊಳ್ಳುತ್ತಿದ್ದರು. ವಿಜ್ಞಾನಕ್ಕೆ ನಮ್ಮ ಭಾಗದಲ್ಲಿ ಗೌರವ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಚೇರ್ಮನ್ನರು ಹೊರಡುವ ಮುನ್ನ ನಮ್ಮ ಚಿತ್ರಕಲಾ ಶಿಕ್ಷಕರತ್ತ ತಿರುಗಿದರು. ಈ ಮನುಷ್ಯ ಹಲವು ವರ್ಷಗಳಿಂದ ಹಂಗಾಮಿ. ಶಾಲೆಯ ಗೋಡೆಗಳ ಮೇಲಿನ ದೇಶಭಕ್ತರು, ಗಿಡಮರಗಳು, ಕೈ ತೊಳೆಯುವ ವಿಧಾನ ಎಲ್ಲವೂ ಅವರ ಕೈಯವು. ನೌಕರಿ ಮಾತ್ರ ಜೂನಿನಿಂದ ಮಾರ್ಚಿಗೆ ಮುಗಿದು ಮತ್ತೆ ಜೂನಿಗೆ ಹುಟ್ಟುವಂಥದ್ದು. ಅಗರಖೇಡದ ಒಂದು ಮನೆಯವರು ಅವರಿಗೆ ಹೆಣ್ಣು ಕೊಡಲು ಒಪ್ಪಿ, “ಕಾಯಂ ಆದ ಮ್ಯಾಲ ಬರ್ರಿ” ಎಂದು ಚಹಾ ಕುಡಿಸಿ ಕಳಿಸಿದ್ದರು.

“ಏನ ಮಾಸ್ತರ,” ಎಂದರು ಚೇರ್ಮನ್ನರು, “ಹುಡುಗ್ರ ಅಂಗಿ ಮ್ಯಾಲ ಎಲುಬಿನ ಚಿತ್ರ ತಗೀಬೇಕು. ಕುಣಿತಕ್ಕ ಪಹಿಲಾ ನಂಬರ್ ಬಂತಂದ್ರ ಜೂನಿಗೆ ನಿಮ್ಮನ್ನ ಕಾಯಂ ಮಾಡಿದ್ದ. ಎಲ್ಲಾರ ಮುಂದ ಹೇಳಾಕತ್ತೇನಿ.”

ಎಲ್ಲರ ಮುಂದೆ ಹೇಳಿದ್ದರು ಎಂಬುದಕ್ಕೆ ನಾವೆಲ್ಲ ಸಾಕ್ಷಿ. ನಮ್ಮ ಸಾಕ್ಷಿಗೆ ಏನು ಬೆಲೆ ಎಂಬುದು ಬೇರೆ ಮಾತು.

ಕುಣಿತ ಕಲಿಸಲು ವಿಜಯಪುರದಿಂದ ಒಬ್ಬ ಡಾನ್ಸ್ ಮಾಸ್ತರ ಬಂದ. ಕೂದಲಿನ ಅರ್ಧಭಾಗಕ್ಕೆ ಜೋಳದ ಬಣ್ಣ, ಹೆಗಲಿಗೆ ತಾನೇ ಹಾಡು ಕೂಗುವ ಸ್ಪೀಕರ್ ಡಬ್ಬಿ. ಟೀವಿಯಲ್ಲಿ ಬರುವ ಕುಣಿತಗಳ ಬಗ್ಗೆ ನನಗೆ ಬಹಳ ಹಿಂದಿನಿಂದ ಇರುವ ಅಭಿಪ್ರಾಯವನ್ನು ಅವನು ಎಲ್ಲ ರೀತಿಯಿಂದಲೂ ಗಟ್ಟಿ ಮಾಡಿದ. ಅವನ ಯೋಜನೆ ಹೀಗೆ: ವೇದಿಕೆಯೆಲ್ಲ ಕತ್ತಲು, ನೆಲದ ಮೇಲೆ ನಾಲ್ವರು ಹುಡುಗರು ಅಂಗಾತ ಮಲಗಿರಬೇಕು, ಕಪ್ಪು ಬಟ್ಟೆಯ ಮೇಲೆ ರೇಡಿಯಂ ಬಣ್ಣದ ಎಲುಬು ಮಾತ್ರ ಹೊಳೆಯಬೇಕು, ಡೋಲು ಬಡಿದ ಕೂಡಲೇ ಎದ್ದು ಕುಣಿಯಬೇಕು.

“ಇದರಾಗ ವಿಜ್ಞಾನ ಎಲ್ಲೈತಪಾ?” ಎಂದೆ.

“ಸರ್, ಕಾನ್ಸೆಪ್ಟ್ ಐತ್ರಿ ಇದು,” ಎಂದ. ಅದಕ್ಕಿಂತ ಹೆಚ್ಚಿನ ವಿವರಣೆ ಅವನ ಬಳಿ ಇರಲಿಲ್ಲ, ಇದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಚಿತ್ರಕಲಾ ಶಿಕ್ಷಕರು ಕೆಲಸಕ್ಕೆ ಹತ್ತಿದರು. ಅವರು ಬಿಡಿಸಿದ ಮೊದಲ ಎದೆಗೂಡನ್ನು ನೋಡಿ, ಪಕ್ಕೆಲುಬು ಹನ್ನೆರಡು ಜೋಡಿ ಇರುತ್ತವೆ, ಏಳಲ್ಲ ಎಂದು ತಿಳಿಸಿದೆ.

“ಹನ್ನೆರಡ ತಗದ್ರ ದೂರಿಂದ ಪಟ್ಟಾಪಟ್ಟಿ ಚಡ್ಡಿಗತೆ ಕಾಣತೈತ್ರಿ ಸರ.”

“ಎದಿ ಮ್ಯಾಲ ಯಾರು ಚಡ್ಡಿ ಹಾಕ್ಕೊಂತಾರ್ರೀ?”

“ಸರ, ನಿಮ್ಮ ಹನ್ನೆರಡ ಜೋಡಿ ಪಕ್ಕಡಿ ನಿಮ್ಮ ಲ್ಯಾಬಿನ್ಯಾಗ ಇರ್ಲಿ. ನನ್ನ ನೌಕರಿ ನೋಡ್ರಿ.”

ಪಕ್ಕೆಲುಬು ಏಳೇ ಉಳಿದವು. ಆದರೆ ಕೈಗಳನ್ನು ಅವರು ಅಸಡ್ಡೆಯಿಂದ ಬಿಡಿಸಲಿಲ್ಲ. ದಿನಾ ಲ್ಯಾಬಿಗೆ ಬಂದು, ಪ್ಲಾಸ್ಟಿಕ್ಕಿನ ಮಣಿಕಟ್ಟನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಕಪ್ಪು ಕೈಗವಸುಗಳ ಮೇಲೆ ಒಂದೊಂದು ಬೆರಳ ಗಿಣ್ಣನ್ನೂ ಬೇರೆ ಬೇರೆಯಾಗಿ ಬಿಡಿಸಿದರು.

ತಾಲೀಮು ನೋಡಲು ಸಮಿತಿ ಬಂತು. ಬಾಗಿಲು ಕಿಟಕಿ ಮುಚ್ಚಿ ನೀಲಿ ಲೈಟು ಹಾಕಿದೆವು. ನಾಲ್ಕು ಅಸ್ಥಿಪಂಜರಗಳು ನೆಲದ ಮೇಲೆ ಮಲಗಿ ಹೊಳೆದವು. ಡೋಲು ಬಡಿಯುವ ಮುಂಚೆಯೇ ಸಮಿತಿಯ ಸದಸ್ಯರಾದ ತೊಗರಿ ಅಡತಿ ಅಂಗಡಿಯ ಸಾವಕಾರರು ಕತ್ತಲಲ್ಲಿ ಕೇಳಿದರು:

“ಇವು ಯಾಕ ಮಲಗ್ಯಾವ?”

“ಸತ್ತಾವ್ರೀ,” ಎಂದ ಡಾನ್ಸ್ ಮಾಸ್ತರ.

“ಸತ್ರ ಮಲಗತಾರೇನ? ನಮ್ಮಲ್ಲಿ ಕೂಡಿಸಿ ಮಣ್ಣ ಕೊಡ್ತಾರ.”

ಲೈಟು ಹಾಕಲಾಯಿತು. ಓದುಗರಲ್ಲಿ ದಕ್ಷಿಣದವರಿದ್ದರೆ ಅವರಿಗಾಗಿ ಹೇಳುತ್ತೇನೆ: ಸಾವಕಾರರ ಮನೆತನದಲ್ಲಿ, ಚೇರ್ಮನ್ನರದರಲ್ಲಿ, ಸಮಿತಿಯ ಬಹುಪಾಲು ಸದಸ್ಯರದರಲ್ಲಿ ತೀರಿಕೊಂಡವರನ್ನು ಪದ್ಮಾಸನದಲ್ಲಿ ಕೂಡಿಸಿ ಸಮಾಧಿ ಮಾಡುವುದು ಪದ್ಧತಿ. ಗಂಭೀರವಾದ, ಸುಂದರವಾದ ಪದ್ಧತಿ. ನನ್ನ ತಂದೆಯೂ ಹಾಗೇ ಕೂತಿದ್ದಾರೆ. ಆದರೆ ಅದನ್ನು ಒಂಬತ್ತನೆಯ ತರಗತಿಯ ಹುಡುಗರ ಕುಣಿತಕ್ಕೆ ಅನ್ವಯಿಸಬಹುದೆಂದು ನನ್ನ ತಂದೆಗೂ ಹೊಳೆದಿರಲಾರದು.

ಚರ್ಚೆ ಶುರುವಾಯಿತು. ಮಲಗಿಸಿ ಹೂಳುವವರೂ ಇದ್ದಾರೆ ಎಂದು ಒಬ್ಬರು. ಹಾಗಾದರೆ ಇವು ಅವರ ಎಲುಬುಗಳಾದವು, ಅವರ ಸತ್ತವರನ್ನು ನಾವು ಕುಣಿಸಿದರೆ ನಾಳೆ ಅವರು ಶಾಲೆಯ ಮುಂದೆ ಬಂದು ಧರಣಿ ಕೂಡುತ್ತಾರೆ ಎಂದು ಇನ್ನೊಬ್ಬರು. ಸುಡುವವರದು ಅಂದರಾಯಿತು ಎಂದು ಮತ್ತೊಬ್ಬರು. ಸುಟ್ಟ ಮೇಲೆ ಎಲುಬು ಇಡಿಯಾಗಿ ಎಲ್ಲಿ ಉಳಿಯುತ್ತದೆಂದು ಅವರ ಬಾಯಿ ಮುಚ್ಚಿಸಲಾಯಿತು. ನಮ್ಮವೇ ಎಂದಾದರೆ ಹಣೆಗೆ ವಿಭೂತಿ ಬಿಡಿಸಬೇಕು ಎಂದು ಸಾವಕಾರರು. ವಿಭೂತಿ ಹಚ್ಚಿದ ಮೇಲೆ ಸಿನಿಮಾದ ಹಾಡಿಗೆ ಕುಣಿಸಬಾರದು ಎಂದು ಚೇರ್ಮನ್ನರು. ಗಣಿತದಲ್ಲಿ ಅರ್ಧ ತರಗತಿ ನಪಾಸಾದಾಗ ಈ ಸಭೆ ಒಂದು ಚಹಾದಷ್ಟು ಹೊತ್ತೂ ಕೂತಿರಲಿಲ್ಲ.

“ಮಾಸ್ತರ, ನೀವ ಹೇಳ್ರಿ. ವಿಜ್ಞಾನ ಏನಂತೈತಿ?” ಎಂದು ಚೇರ್ಮನ್ನರು ನನ್ನತ್ತ ತಿರುಗಿದರು.

ವಿಜ್ಞಾನ ಈ ಬಗ್ಗೆ ಏನೂ ಅನ್ನುವುದಿಲ್ಲ ಎಂದೆ. ಬೇಕಿದ್ದರೆ ಹಳೆಯ ಗುಡಿಗಳ ಗೋಡೆ ನೋಡಿ, ಅಲ್ಲಿ ಶಿವನ ಮುಂದೆ ಮೈಯಲ್ಲಿ ಬರೀ ಎಲುಬಿರುವ ಮೂರು ಕಾಲಿನ ಭಕ್ತನೊಬ್ಬ ಕುಣಿಯುತ್ತಿರುತ್ತಾನೆ, ಶಿಲ್ಪಿಗೆ ಯಾರೂ ಅಡ್ಡಿ ಮಾಡಲಿಲ್ಲ ಎಂದೆ.

“ಆತ ನಿಂತ ಕುಣೀತಾನೋ, ಕುಂತೋ?” ಎಂದರು ಸಾವಕಾರರು.

“ನಿಂತ ಕುಣೀತಾನ್ರಿ.”

“ಮೂರ ಕಾಲಿದ್ರ ನಾನೂ ನಿಲ್ತೇನಿ. ನಮ್ಮ ಹುಡುಗ್ರಿಗೆ ಎರಡ ಅದಾವ. ಅದು ಇಲ್ಲಿ ಲಾಗೂ ಆಗೂದಿಲ್ಲ.”

ಕೊನೆಗೆ ತೀರ್ಪಾಯಿತು: ವಿಭೂತಿ ಬೇಡ, ಸಿನಿಮಾದ ಹಾಡು ಬೇಡ, ಬರೀ ವಾದ್ಯ ಇರಲಿ, ಅಸ್ಥಿಪಂಜರಗಳು ಮೊದಲಿನಿಂದ ಕಡೆಯವರೆಗೆ ಪದ್ಮಾಸನದಲ್ಲಿ ಕೂತೇ ಇರತಕ್ಕದ್ದು.

“ಸರ, ಕುಂತ್ರ ಕುಣಿಯೂದು ಹೆಂಗ್ರೀ?” ಎಂದ ನಾಲ್ವರಲ್ಲಿ ಒಬ್ಬ ಅಸ್ಥಿಪಂಜರ.

“ಹಿರ್ಯಾರು ಮಾತಾಡುವಾಗ ನಡುವ ಬಾಯಿ ಹಾಕಬಾರದು,” ಎಂದರು ಚೇರ್ಮನ್ನರು.

ಡಾನ್ಸ್ ಮಾಸ್ತರ ಎರಡು ದಿನ ಮುನಿಸಿಕೊಂಡು, ಆಮೇಲೆ ಕೈಗಳ ಕುಣಿತವನ್ನೇ ಕಟ್ಟಿದ. ಚಿತ್ರಕಲಾ ಶಿಕ್ಷಕರು ಕಾಲುಗಳನ್ನು ಅಳಿಸಿ ಮತ್ತೆ ಬಿಡಿಸಬೇಕಾಯಿತು, ಏಕೆಂದರೆ ನಿಂತವನಿಗೆ ಬಿಡಿಸಿದ ತೊಡೆಯ ಎಲುಬು ಪದ್ಮಾಸನ ಹಾಕಿದ ಕೂಡಲೇ ಎಲ್ಲೋ ಅಡಗಿಬಿಡುತ್ತದೆ. ಹುಡುಗರನ್ನು ಪದ್ಮಾಸನದಲ್ಲೇ ಕೂಡಿಸಿ, ನೋಡುವವರ ಕಣ್ಣಿಗೆ ಎಲ್ಲಿ ಕಾಣಬೇಕೋ ಅಲ್ಲಿ ಎಲುಬು ಬರೆದರು. ಕಾಲು ಜುಮುಗುಟ್ಟುತ್ತದೆಂದು ಹುಡುಗರು ಗೋಗರೆದರು. ಅವರು ಬಿಡಲಿಲ್ಲ. ಅವರಿಗೆ ಜೂನ್ ಕಾಣುತ್ತಿತ್ತು.

ಒಪ್ಪಿಕೊಳ್ಳಲು ನನಗೆ ಬೇಸರ, ಆದರೆ ಮುಗಿದಾಗ ಅದು ಚೆನ್ನಾಗಿತ್ತು. ಕತ್ತಲಲ್ಲಿ ನಾಲ್ಕು ಜನ ಸತ್ತವರು ಸುಮ್ಮನೆ ಕೂತಿರುತ್ತಾರೆ. ಒಂದು ಬೆರಳು ಅಲುಗುತ್ತದೆ. ಆಮೇಲೆ ಮಣಿಕಟ್ಟು. ಆಮೇಲೆ ಎಂಟು ಕೈಗಳು ಒಟ್ಟಿಗೆ, ಹಕ್ಕಿಯ ಹಿಂಡಿನಂತೆ, ಮೇಲೇಳುತ್ತವೆ. ಮೂರ್ಖತನದಿಂದ ಶುರುವಾದ ಕೆಲಸ ಅಪ್ಪಿತಪ್ಪಿ ಕಲೆಯ ಕಡೆಗೆ ಹೊರಟುಬಿಟ್ಟಿತ್ತು. ಅದನ್ನು ತಡೆಯಲು ಇನ್ನೂ ಸಮಯವಿತ್ತು.

ಆ ಸಲದ ಗ್ಯಾದರಿಂಗ್ ಬಸವನ ಬಾಗೇವಾಡಿಯಲ್ಲಿ. ದೇವರ ಹಿಪ್ಪರಗಿ ದಾಟಿ ಹೋಗುವಾಗ ಬಸ್ಸಿನಲ್ಲಿ ಚಿತ್ರಕಲಾ ಶಿಕ್ಷಕರು ಬಟ್ಟೆಯ ಗಂಟನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ಇಂಡಿಯವರು ರಾಕೆಟ್ಟಿನ ವೇಷದ ಹುಡುಗರನ್ನು ಕುಣಿಸಿದರು. ಒಂದು ರಾಕೆಟ್ಟು ಮೈಕಿನ ವೈರಿಗೆ ಎಡವಿ ಬಿತ್ತು. ಆತಿಥೇಯರು ನೀರು ಉಳಿಸಿ ಎಂದು ಕೊಡ ಹೊತ್ತು ಕುಣಿದು ಪೆಂಡಾಲಿನ ತುಂಬ ನೀರು ಚೆಲ್ಲಿದರು. ಮುದ್ದೇಬಿಹಾಳದವರು ಎಂದಿನ ಕೋಲಾಟವನ್ನೇ ಆಡಿ, ಇದು ಪರಮಾಣುವಿನ ಸುತ್ತ ಎಲೆಕ್ಟ್ರಾನು ತಿರುಗುವ ದೃಶ್ಯವೆಂದು ಸಾರಿದರು. ಆ ನಿರ್ಲಜ್ಜತೆಗೆ ನಾನು ತಲೆಬಾಗಿದೆ.

ನಮ್ಮದು ಬಂತು. ಲೈಟು ಆರಿತು. ಬೆರಳು ಅಲುಗಿತು. ಹಿಂದೆ ಗಲಾಟೆ ಮಾಡುತ್ತಿದ್ದ ಹುಡುಗರು ಸುಮ್ಮನಾದರು. ಕಡಲೆಕಾಯಿ ಸುಲಿಯುವ ಸಪ್ಪಳವೂ ನಿಂತಿತು. ಎಂಟು ಕೈಗಳು ಮೇಲೆದ್ದಾಗ ಹೆಂಗಸರ ಕಡೆಯಿಂದ ಒಂದು ಉಸಿರು ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ಚಿತ್ರಕಲಾ ಶಿಕ್ಷಕರು ನನ್ನ ತೋಳು ಹಿಡಿದರು.

“ಸರ, ಹುಡುಗ್ರು ಮಂದೀನ ಹಿಡದಿಟ್ಟಾರ ನೋಡ್ರಿ,” ಎಂದರು. “ಬಂತ್ರಿ ನಂಬರ.”

ಆಗ ಮುಖ್ಯ ಅತಿಥಿಗಳು ಬಂದರು. ಬೆಳಿಗ್ಗೆ ಬರಬೇಕಾದವರು ಕತ್ತಲಾದ ಮೇಲೆ ಬಂದರು. ಅದು ಮುಖ್ಯರಾದವರ ಲಕ್ಷಣ. ನಿರೂಪಕ ಮಾಸ್ತರ ವಾದ್ಯವನ್ನು ನಿಲ್ಲಿಸಿ, “ಮುಖ್ಯ ಅತಿಥಿಗಳು ಆಗಮಿಸುತ್ತಿದ್ದಾರೆ, ಎಲ್ಲರೂ ಎದ್ದು ನಿಂತು ಗೌರವ ಸಲ್ಲಿಸಬೇಕು” ಎಂದು ಮೈಕಿನಲ್ಲಿ ಕೂಗಿದ. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ದೈಹಿಕ ಶಿಕ್ಷಕರು ರೂಢಿಯಂತೆ ಸೀಟಿ ಊದಿದರು. ನಮ್ಮ ಶಾಲೆಯಲ್ಲಿ ಆ ಸೀಟಿಗೆ ಏಳದವನ ಮೊಣಕಾಲಿಗೆ ಬೆತ್ತ ಬೀಳುತ್ತದೆ. ನಾಲ್ಕು ಅಸ್ಥಿಪಂಜರಗಳೂ ಪದ್ಮಾಸನ ಬಿಚ್ಚಿ ಎದ್ದು ನಿಂತು ಕೈ ಮುಗಿದವು.

ಲೈಟು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೂತವರಿಗೆಂದು ಬರೆದ ಎಲುಬುಗಳು ನಿಂತಾಗ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದವು. ತೊಡೆಯ ಎಲುಬು ಒಳಮಗ್ಗುಲಲ್ಲಿ ಅರ್ಧ ಮುರಿದು ನಿಂತಿತು, ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಸರಿಯಿತು, ಕಣಕಾಲು ಮಾಯವೇ ಆಯಿತು. ಟ್ರ್ಯಾಕ್ಟರ್ ಹಾಯ್ದು ಹೋದ ನಾಲ್ವರು ಗಾಳಿಯಲ್ಲಿ ತೇಲುತ್ತ ನಮಸ್ಕಾರ ಮಾಡುತ್ತಿರುವಂತೆ ಕಂಡಿತು. ಪೆಂಡಾಲಿಗೆ ಪೆಂಡಾಲೇ ಹೊಟ್ಟೆ ಹಿಡಿದು ನಕ್ಕಿತು. ನನ್ನ ತೋಳಿನ ಮೇಲಿದ್ದ ಕೈ ಇಳಿಯಿತು.

ಅತಿಥಿಗಳು ನಗಲಿಲ್ಲ. ಮೈಕು ತರಿಸಿಕೊಂಡರು.

“ಈಗಿನ ಹುಡುಗ್ರು ಜೀವಂತ ಇದ್ರೂ ದೊಡ್ಡಾವ್ರಿಗೆ ಏಳೂದಿಲ್ಲ. ಈ ಸಿಂದಗಿ ಹುಡುಗ್ರು ಸತ್ತ ಮ್ಯಾಲೂ ಎದ್ದಾರ. ಸಂಸ್ಕಾರ ಅಂದ್ರ ಇದು!”

ಚಪ್ಪಾಳೆ ಬಿತ್ತು. ಆಮೇಲೆ ಅವರ ಭಾಷಣವಾಯಿತು, ಹಾರತುರಾಯಿಗಳಾದವು, ಕುಣಿತ ಮುಂದುವರಿಯಲಿಲ್ಲ. ಅಪೂರ್ಣವಾದ ಕುಣಿತಕ್ಕೆ ಅಂಕ ಕೊಡಲು ಬರುವುದಿಲ್ಲವೆಂದು ನಿರ್ಣಾಯಕರು ಹೇಳಿದರು. ನೃತ್ಯದ ಮೊದಲ ಬಹುಮಾನ ಮುದ್ದೇಬಿಹಾಳದ ಎಲೆಕ್ಟ್ರಾನುಗಳಿಗೆ ಹೋಯಿತು. ಅತಿಥಿಗಳ ಅಪ್ಪಣೆಯ ಮೇರೆಗೆ ಸಿಂದಗಿ ಶಾಲೆಗೆ ಶಿಸ್ತಿನ ವಿಶೇಷ ಬಹುಮಾನ ಘೋಷಿಸಲಾಯಿತು. ಅಂಥದೊಂದು ಬಹುಮಾನ ಅಲ್ಲಿಯವರೆಗೆ ಇರಲಿಲ್ಲ.

ಚಿತ್ರಕಲಾ ಶಿಕ್ಷಕರು ವೇದಿಕೆಯ ಹಿಂದೆ ಚೇರ್ಮನ್ನರನ್ನು ಹಿಡಿದರು.

“ಸಾಹೇಬ್ರ, ಬಹುಮಾನ ಬಂತಲ್ರಿ.”

“ಬಂತು. ಯಾರ ಇಲ್ಲಂತಾರ? ಆದ್ರ ನಾ ಹೇಳಿದ್ದು ಕುಣಿತಕ್ಕ.”

“ಅವ್ರು ನಡುವ ನಿಲ್ಸಿದ್ರಲ್ರಿ.”

“ನೋಡ ಮಾಸ್ತರ, ಇದು ಕುಂತದ್ದಕ್ಕ ಬಂದದ್ದಲ್ಲ, ಎದ್ದದ್ದಕ್ಕ ಬಂದದ್ದು. ನೀವ ಕಲಿಸಿದ್ದು ಕುಂಡ್ರೂದು. ಏಳೂದು ಕಲಿಸಿದವ್ರು ಯಾರು?”

ಏಳುವುದನ್ನು ಕಲಿಸಿದವರು ದೈಹಿಕ ಶಿಕ್ಷಕರು. ಮುಂದಿನ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು. ಅವರು ಮೊದಲಿನಿಂದಲೂ ಕಾಯಂ. ಅಗರಖೇಡದ ಹುಡುಗಿಯನ್ನು ಆ ಬೇಸಿಗೆಯಲ್ಲಿ ಒಬ್ಬ ಬಸ್ ಕಂಡಕ್ಟರನಿಗೆ ಕೊಟ್ಟರು. ಚಿತ್ರಕಲಾ ಶಿಕ್ಷಕರು ಇಂದಿಗೂ ಹಂಗಾಮಿ.