ಅಪ್ಪಣ್ಣನವರ ಸ್ಪೇರ್ ಡಿಸ್ಕು

ಅಪ್ಪಣ್ಣನವರಿಗೆ ಯಾವ ವಸ್ತುವೂ ಒಂದೇ ಇದ್ದರೆ ಸಮಾಧಾನವಿರಲಿಲ್ಲ. ಬೀಗಕ್ಕೆ ಎರಡು ಕೀ ಎಲ್ಲರ ಮನೆಯಲ್ಲೂ ಇರುತ್ತವೆ. ಇವರಲ್ಲಿ ಬೀಗವೇ ಎರಡು. ಒಂದು ಬಾಗಿಲಿಗೆ, ಇನ್ನೊಂದು ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ. ಟ್ಯೂಬ್‌ಲೈಟಿನ ಸ್ಟಾರ್ಟರ್, ನಲ್ಲಿಯ ವಾಷರ್, ಕುಕ್ಕರಿನ ಗ್ಯಾಸ್ಕೆಟ್, ಎಲ್ಲಕ್ಕೂ ಒಂದು ಸ್ಪೇರ್. ವಿಮಾನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಆಯುಸ್ಸು ಸವೆಸಿದ ಮನುಷ್ಯ, ಆ ಬುದ್ಧಿ ಮನೆಗೂ ಬಂದಿತ್ತು.

"ಸ್ಪೇರಿನ ಸೀಲ್ ಸುಮ್ಸುಮ್ನ ಒಡೀಬಾರದ್ರಿ ಮುನಿರಾಜಪ್ಪಾರ. ಬೇಕಾದಾಗ ಅಷ್ಟ ಒಡೀಬೇಕು" ಎನ್ನುತ್ತಿದ್ದರು.

"ಮತ್ತೆ ಹೆಂಡ್ತಿ ಮಾತ್ರ ಒಬ್ರೇ ಹೆಂಗ್ರೀ ಸಾಕಾದ್ರು?" ಎಂದು ನಾನು ಕಾಲೆಳೆದರೆ, ಒಳಗಿನಿಂದ ಪಾರ್ವತೆವ್ವನವರೇ ಉತ್ತರ ಕೊಡುತ್ತಿದ್ದರು: "ನನ್ನಂಥಾಕಿ ಇನ್ನೊಬ್ಬಾಕಿ ಎಲ್ಲಿ ಸಿಗ್ತಾಳ್ರಿ ಇವ್ರಿಗೆ?"

ಮಗಳೂ ಒಬ್ಬಳೇ. ಗದಗದ ಕಡೆಯ ಈ ಸಂಸಾರ ಹೊಸ ತಿಪ್ಪಸಂದ್ರದಲ್ಲಿ ನಮ್ಮ ಮನೆಯ ಕೆಳಗಿನ ಪೋರ್ಷನ್ನಿಗೆ ಬಾಡಿಗೆಗೆ ಬಂದಾಗ ರಶ್ಮಿಗೆ ಶಾಲೆಗೆ ಸೇರುವ ವಯಸ್ಸು. ಅವಳಿಗೊಂದು ಸ್ಪೇರ್ ಇರಲಿಲ್ಲವೆಂದೋ ಏನೋ, ಅಪ್ಪಣ್ಣನವರು ಶಿವಾಜಿನಗರಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ವಿಡಿಯೊ ಕ್ಯಾಮೆರಾ ತಂದರು. ಅಲ್ಲಿಂದ ಆ ಹುಡುಗಿ ಸೀನಿದರೂ ಶೂಟಿಂಗ್. ಮುಂದಿನ ಹಲ್ಲು ಬಿದ್ದದ್ದು, ಹಲಸೂರು ಕೆರೆಯ ದೋಣಿಯಲ್ಲಿ ಹೆದರಿ ಅತ್ತದ್ದು, ನಮ್ಮ ಗೇಟಿಗೆ ಸೈಕಲ್ ಗುದ್ದಿ ಏನೂ ಆಗಿಲ್ಲವೆಂಬಂತೆ ಎದ್ದು ನಿಂತದ್ದು. ಪಾರ್ವತೆವ್ವ ಒಂದರಲ್ಲೂ ಕಾಣುತ್ತಿರಲಿಲ್ಲ. ಅವರ ದನಿ ಮಾತ್ರ ಹಿಂದಿನಿಂದ ಕೇಳುತ್ತಿತ್ತು: "ಸಾಕ್ ಮಾಡ್ರಿ, ರೊಟ್ಟಿ ಆರಾಕತ್ತಾವು."

ರಿಟೈರ್ ಆಗುವ ಹೊತ್ತಿಗೆ ಟೇಪುಗಳಿಗೆ ಬೂಷ್ಟು ಹಿಡಿಯತೊಡಗಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸಿ, ಎಸ್.ಪಿ. ರಸ್ತೆಯಿಂದ ಒಂದು ಕರಿಯ ಪೆಟ್ಟಿಗೆ ತಂದು ಹಾಲಿನ ಶೋಕೇಸಿನಲ್ಲಿ ಕೂರಿಸಿದರು. ಅದರೊಳಗೆ ಒಂದರ ಹಿಂದೊಂದು ಎರಡು ಹಾರ್ಡ್ ಡಿಸ್ಕು. ಪೆಟ್ಟಿಗೆಯಿಂದ ಟಿವಿಗೆ ವೈರು. ರಿಮೋಟ್ ಒತ್ತಿದರೆ ಕ್ಯಾಸೆಟ್ಟೂ ಬೇಡ, ಸೀಡಿಯೂ ಬೇಡ, ಯಾವ ವರ್ಷದ ರಶ್ಮಿ ಬೇಕೋ ಆ ವರ್ಷದವಳು ಬರುತ್ತಿದ್ದಳು. ಕಿಟಕಿಯಿಂದ ಇನ್ನೊಂದು ವೈರು ಎಳೆದು ನಮ್ಮ ಮಹಡಿಯ ಟಿವಿಗೂ ಕೊಟ್ಟರು. ಕ್ರಿಕೆಟ್ ನೋಡಲು ಕೂತ ನಾನು ಬಾಡಿಗೆಯವರ ಮಗಳು ಮಗ್ಗಿ ತಪ್ಪುವುದನ್ನು ನೋಡುತ್ತ ಕೂರುವಂತಾಯಿತು. ಸುಳ್ಳೇಕೆ, ನನಗೂ ಅದು ಇಷ್ಟವಾಗಿತ್ತು.

"ಎರಡು ಡಿಸ್ಕ್ ಯಾಕ್ರೀ?" ಎಂದು ಕೇಳಿದೆ.

"ಒಂದು ಹೋದ್ರ ಇನ್ನೊಂದ್ರಾಗ ಎಲ್ಲಾ ಇರ್ತೈತಂತ. ಅಂಗಡಿಯಾವ ಹೇಳ್ಯಾನ" ಎಂದು ಹಿಗ್ಗಿದರು. ಸ್ಪೇರ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಮುಂದಕ್ಕೆ ಕೇಳುವವರಲ್ಲ. ಅದೇ ಖುಷಿಯಲ್ಲಿ ಹಳೆಯ ಟೇಪುಗಳನ್ನು ಮೂಟೆ ಕಟ್ಟಿ ಗುಜರಿಯವನಿಗೆ ಕೊಟ್ಟರು.

ಎರಡು ಸಾವಿರದ ಎಂಟರಲ್ಲಿ ರಶ್ಮಿ ತನ್ನ ಆಫೀಸಿನ ದುರ್ಗೇಶನನ್ನು ರಿಜಿಸ್ಟರ್ ಮದುವೆಯಾದಳು. ರಾಯಚೂರಿನ ಕಡೆಯ ಹುಡುಗ, ಕೆ.ಆರ್. ಪುರದಲ್ಲಿ ತಾಯಿಯೊಂದಿಗೆ ಬಾಡಿಗೆ ರೂಮಿನಲ್ಲಿದ್ದ. ಜಾತಿ ಬೇರೆ. ಅಪ್ಪಣ್ಣನವರು ಎರಡು ದಿನ ಊಟ ಬಿಟ್ಟು ಮೂರನೆಯ ದಿನ ಉಣ್ಣುತ್ತಿದ್ದರೇನೋ. ಅಷ್ಟರಲ್ಲಿ ಊರಿನಿಂದ ಅವರ ಅಣ್ಣ ಸಿದ್ಧಲಿಂಗೇಶ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಿಳಿದರು.

ಮನೆಯ ಮಾಲೀಕನೆಂಬ ಮರ್ಯಾದೆಗೆ ನನ್ನನ್ನೂ ಕೂರಿಸಿದ್ದರು. ಮಗಳು ಸತ್ತಳೆಂದು ತಿಳಿಯಬೇಕು, ಇಲ್ಲವಾದರೆ ಈ ಮನೆಯ ನೀರು ಮುಟ್ಟುವುದಿಲ್ಲ ಎಂದರು ಅಣ್ಣ. ಗೋಡೆಯ ಫೋಟೊಗಳು ಇಳಿದವು. ಆಮೇಲೆ ಅವರು ಶೋಕೇಸಿನ ಕಡೆ ಕೈ ತೋರಿಸಿದರು. ಮನೆಗೆ ಬಂದವರಿಗೆಲ್ಲ ಮಗಳನ್ನು ತೋರಿಸದೆ ಚಹಾ ಕೊಟ್ಟವರಲ್ಲ ಅಪ್ಪಣ್ಣನವರು. ಅಣ್ಣನಿಗೆ ಗೊತ್ತಿಲ್ಲದೆ ಇರುತ್ತದೆಯೆ?

"ಅದ್ರಾಗಿಂದೂ ತಗದಬಿಡು."

ಅಪ್ಪಣ್ಣನವರು ರಿಮೋಟ್ ತೆಗೆದುಕೊಂಡರು. ರಶ್ಮಿಯ ಹೆಸರಿನ ಫೋಲ್ಡರಿನ ಮೇಲೆ ನಿಲ್ಲಿಸಿ ಅಳಿಸುವ ಗುಂಡಿ ಒತ್ತಿದರು. ಖಚಿತವೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿತು. ಹೌದೆಂದು ಒತ್ತಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಾರ್ವತೆವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಅಪ್ಪಣ್ಣನವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ಮೈ ಉರಿದುಹೋಯಿತು. ಎಂಥ ಕಲ್ಲೆದೆಯವನಿಗೆ ಮನೆ ಕೊಟ್ಟೆನಪ್ಪ ಎಂದುಕೊಂಡು ಎದ್ದು ಬಂದೆ.

ಮರುದಿನ ಅವರೇ ಮಹಡಿ ಹತ್ತಿ ಬಂದರು. ಮುಖದಲ್ಲಿ ಕಳ್ಳ ನಗು.

"ಸಿಟ್ಟಾಗೀರೇನ್ರಿ? ಅಳಿಸಿದ್ದು ಮುಂದಿನ ಡಿಸ್ಕಿಂದು. ಹಿಂದಿಂದ್ರಾಗ ನನ್ ಮಗಳು ಹಂಗ ಅದಾಳ. ಒಂದು ಸ್ಟೋರ್ಸಿಂದ ಇಶ್ಯೂ ಆಗಿ ಹೊರಗ ಹೋತು, ಇನ್ನೊಂದು ಸ್ಟಾಕ್‌ನಾಗ ಐತಿ."

"ಹಂಗಾದ್ರೆ ಮೊದ್ಲು ನಿಮ್ಮ ಮನೆಯವರಿಗೆ ಹೇಳ್ರೀ. ನಿನ್ನೆಯಿಂದ ಒಂದೇ ಸಮ ಅಳ್ತಿದಾರೆ."

"ಆಕಿ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ರಿ. ಊರಿಗೆ ಮುಟ್ಟತೈತಿ. ಅಣ್ಣನ ಸಿಟ್ಟು ಇಳೀಲಿ, ರಶ್ಮಿನ್ನ ಕರಸ್ತೀನಿ. ಆಕಿ ಮುಂದನ ಸೀಲ್ ಒಡೀತೀನಿ."

ತೆರೆದು ನೋಡಿದ್ದೀರಾ ಎಂದೆ. ನಾನು ಕೇಳಬಾರದ್ದನ್ನು ಕೇಳಿದೆನೆಂಬಂತೆ ನೋಡಿದರು. ಇಟ್ಟ ಸ್ಪೇರನ್ನು ಮುಟ್ಟಿ ನೋಡುವುದು ಅವರ ಜಾಯಮಾನವಲ್ಲ.

ಆ ವರ್ಷ ಕೆಳಗಿನ ಮನೆಯಲ್ಲಿ ಮಾತೇ ನಿಂತುಹೋಯಿತು. ಪಾರ್ವತೆವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಗಂಡನ ಮುಂದೆ ತಟ್ಟೆ ಇಟ್ಟ ಸದ್ದು ಕೇಳುತ್ತಿತ್ತು, ಅಷ್ಟೆ. ಎಂಥ ಗಲಗಲ ಹೆಂಗಸು! ಪಾಪ, ಅಪ್ಪಣ್ಣನವರು ಅದನ್ನೂ ಸಹಿಸಿದರು. ನನ್ನ ಹತ್ತಿರ ಬಂದು, "ಸಿಟ್ಟಾಗ್ಲಿ ಬಿಡ್ರಿ, ಆಮೇಲೆ ನಗ್ತಾಳ" ಎನ್ನುತ್ತಿದ್ದರು. ಪೆಟ್ಟಿಗೆಯ ಮೇಲೆ ಧೂಳು ಕೂರಲು ಬಿಡುತ್ತಿರಲಿಲ್ಲ. ಅಣ್ಣನ ಮಕ್ಕಳ ಮದುವೆ, ಮಠದ ಭಜನೆ ಎಂದು ಹೊಸದನ್ನು ತುಂಬಿಸುತ್ತಲೇ ಇದ್ದರು. ಅಳಿಸಿದ ಸುದ್ದಿ ನೆಂಟರ ಬಾಯಿಂದ ಕೆ.ಆರ್. ಪುರಕ್ಕೂ ಮುಟ್ಟಿತು. ಆಗಾಗ ತಾಯಿಗೆ ಫೋನ್ ಮಾಡುತ್ತಿದ್ದ ರಶ್ಮಿ ಅದನ್ನೂ ನಿಲ್ಲಿಸಿದಳು.

ಅವಳಿಗೆ ಹೆಣ್ಣು ಮಗುವಾಯಿತೆಂದು ತಿಳಿದ ದಿನ ಅಪ್ಪಣ್ಣನವರು ಅಣ್ಣನನ್ನು ಮರೆತರು. ನನ್ನ ಮನೆಯ ಫೋನಿನಿಂದಲೇ ಮಗಳಿಗೆ ಮಾಡಿದರು.

"ಬಾರವ್ವಾ ಒಮ್ಮೆ. ನಿನ್ನ ಅಳಿಸಿಲ್ಲ ನಾ. ಆಣಿ ಮಾಡಿ ಹೇಳ್ತೀನಿ, ಎಲ್ಲಾ ಹಂಗ ಇಟ್ಟೀನಿ. ಬಂದು ನೋಡು, ಆಮೇಲೆ ಏನರ ಬೈಯಿ."

ಆ ಒಂದು ಮಾತಿನ ಮೇಲೆ ಅವಳು ಬಂದಳು. ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ದುರ್ಗೇಶನೊಂದಿಗೆ, ಒಂದು ಭಾನುವಾರ ಬೆಳಿಗ್ಗೆ. ಅಪ್ಪಣ್ಣನವರು ನನ್ನನ್ನೂ ಕೆಳಗೆ ಕರೆದಿದ್ದರು. ಪಾರ್ವತೆವ್ವನಿಗೂ ಹಿಂದಿನ ಡಿಸ್ಕಿನ ವಿಷಯ ಗೊತ್ತಾದದ್ದು ಆಗಲೇ. ಗಂಡನನ್ನು ಒಮ್ಮೆ ನೋಡಿ ಟಿವಿಯ ಮುಂದೆ ನೆಲದ ಮೇಲೆ ಕೂತರು. ವರ್ಷದ ಮೇಲೆ ಅವರು ಹಾಲಿಗೆ ಬಂದು ಕೂತದ್ದು ಅಂದೇ.

ಅಪ್ಪಣ್ಣನವರು ಕೈ ತೊಳೆದು ಬಂದು ಮುಂದಿನ ಡಿಸ್ಕನ್ನು ಹೊರಗೆಳೆದರು. ಹಿಂದಿನದೊಂದನ್ನೇ ಬಿಟ್ಟು ಪೆಟ್ಟಿಗೆ ಹಚ್ಚಿದರು. ಕೆಂಪು ದೀಪ ಹತ್ತಿ ಕಿರ್ರೆಂದಿತು, ಆಮೇಲೆ ಪಟ್ಟಿ ಬಂತು. ಅಣ್ಣನ ಮಕ್ಕಳ ಮದುವೆ ಇತ್ತು. ಭಜನೆ ಇತ್ತು. ಕಾರ್ಖಾನೆಯ ಬೀಳ್ಕೊಡುಗೆ ಸಮಾರಂಭ ಇತ್ತು. ಅವರು ಕೆಳಗಿನವರೆಗೂ ಹೋಗಿ ಮತ್ತೆ ಮೇಲಕ್ಕೆ ಬಂದರು. ಮತ್ತೆ ಕೆಳಗೆ ಹೋದರು.

ಅಂಗಡಿಯವನಿಗೆ ಫೋನ್ ಮಾಡಿದರು. ಅವನು ಜೋರು ದನಿಯವನು, ನಮಗೆಲ್ಲ ಕೇಳಿಸಿತು. "ಸಾರ್, ಡಿಸ್ಕ್ ಕೆಟ್ಟೋದ್ರೆ ಇನ್ನೊಂದ್ರಲ್ಲಿ ಇರುತ್ತೆ. ನೀವೇ ಅಳಿಸಿದ್ರೆ ಎರಡ್ರಲ್ಲೂ ಒಟ್ಟಿಗೇ ಹೋಗುತ್ತೆ. ಆಗ್ಲೇ ತಂದಿದ್ರೆ ಏನಾದ್ರೂ ನೋಡ್ಬೋದಿತ್ತು. ಅದ್ರ ಮೇಲೆ ಇಷ್ಟೆಲ್ಲ ತುಂಬ್ಸಿದೀರಲ್ಲ, ಇನ್ನು ಸಿಗಲ್ಲ ಸಾರ್."

ಅಪ್ಪಣ್ಣನವರು ಫೋನ್ ಇಟ್ಟು, "ಅಂವಾ ಹಂಗ ಹೇಳಿರ್ಲಿಲ್ಲ" ಎಂದರು. ಆ ದನಿಯನ್ನು ನಾನು ಈಗಲೂ ಮರೆತಿಲ್ಲ.

ರಶ್ಮಿ ಮೆಲ್ಲಗೆ ಕೇಳಿದಳು. "ಅಪ್ಪಾ, ಅಳಿಸೋಕ್ ಮುಂಚೆ ಅದು ಖಚಿತಾನಾ ಅಂತ ಕೇಳಿರ್ಬೇಕಲ್ವಾ?"

"ಕೇಳ್ತವ್ವಾ."

"ಹೂಂ ಅಂದ್ರಿ ನೀವು."

ಅವರು ತಲೆಯಾಡಿಸಿದರು. ಕೋಣೆಗೆ ಹೋಗಿ, ಏನಾದರೂ ಮಾಡಲೇಬೇಕೆಂಬಂತೆ ಕ್ಯಾಮೆರಾ ಹಿಡಿದುಕೊಂಡು ಬಂದರು. "ಕೂಸಿಂದು ಇವತ್ತಿನಿಂದ ಚಾಲೂ ಮಾಡೋಣು" ಎಂದು ಮೊಮ್ಮಗಳ ಕಡೆ ಹಿಡಿದರು.

ರಶ್ಮಿ ಶಾಲಿನ ಅಂಚನ್ನು ಮಗುವಿನ ಮುಖದ ಮೇಲೆ ಎಳೆದಳು. "ಬೇಡಪ್ಪಾ. ಇವಳ್ದು ಬೇಡ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಹಿರಿಯನಾಗಿ ನಾನು ಗದರಬಹುದಿತ್ತು.

ಪಾರ್ವತೆವ್ವ ಎದ್ದು ಗಂಡನ ಪಕ್ಕಕ್ಕೆ ಬಂದರು. "ಆಕಿ ಬ್ಯಾಡ ಅಂದ್ಲು. ಒಳಗ ಇಡ್ರಿ" ಎಂದರು. ವರ್ಷದ ಮೇಲೆ ಗಂಡನೊಡನೆ ಆಡಿದ ಮೊದಲ ಮಾತು.

ಅಪ್ಪಣ್ಣನವರು ಲೆನ್ಸಿನ ಮುಚ್ಚಳಕ್ಕಾಗಿ ಜೇಬಿನಲ್ಲಿ ತಡಕಾಡಿದರು. ಅದು ಅವರ ಎಡಗೈಯಲ್ಲೇ ಇತ್ತು. ಅದಕ್ಕೂ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ಸ್ಪೇರ್ ಇತ್ತು.