ಮೂರು ಕಾಲಿನ ಮರಿ ಮತ್ತು ಕರಿಯಕ್ಕ

ಬೆಳಗಿನ ಐದೂಮುಕ್ಕಾಲು. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲಿಗೆ ಇನ್ನೂ ಬಣ್ಣ ಬಂದಿಲ್ಲ. ಸಂಶೋಧನಾ ಕೇಂದ್ರವೊಂದರ ಹಿಂಬಾಗಿಲು ತೆಗೆದ ಕರಿಯಕ್ಕ ಚಪ್ಪಲಿ ಬಿಟ್ಟು, ಬರೀ ನೀರಿನಲ್ಲಿ ಮೂರು ಸಲ ಕೈ ತೊಳೆದು, ಸೀದಾ ಮೂಲೆಯ ಸ್ಟ್ಯಾಂಡಿನ ಹತ್ತಿರ ಹೋಗುತ್ತಾರೆ. ದೀಪ ಹಾಕುವುದಿಲ್ಲ. ಮೊಬೈಲಿನ ಬೆಳಕಿಗೆ ಸೆರಗು ಮರೆಮಾಡಿ, ಮೇಲಿನ ಹಲಗೆಯಲ್ಲಿರುವ ಪುಟ್ಟ ಟಬ್ಬಿನೊಳಗೆ ಇಣುಕುತ್ತಾರೆ.

"ತಿಂದಿಲ್ಲ ನೋಡ್ರಿ. ಸಂಜೆ ಹಾಕಿದ ಹುಳ ಹಂಗೇ ಬಿದ್ದೈತೆ. ನಿನ್ನೆ ಬೆಳಗ್ಗೆದೂ ಮುಟ್ಟಿರ್ಲಿಲ್ಲ. ಏನಾಗೈತೆ ಇದಕ್ಕೆ?"

ಟಬ್ಬಿನಲ್ಲಿರುವುದು ಹೆಬ್ಬೆರಳುದ್ದದ ಆಕ್ಸೊಲಾಟ್ಲ್ ಮರಿ. ಮೀನಲ್ಲ, ಕಪ್ಪೆಯ ದೂರದ ನೆಂಟ. ಮೆಕ್ಸಿಕೊ ದೇಶದ ಕೆರೆಗಳದ್ದು. ತಲೆಯ ಎರಡೂ ಪಕ್ಕದಲ್ಲಿ ಕುಚ್ಚಿನಂಥ ಕಿವಿರು, ಸದಾ ನಕ್ಕಂತೆ ಕಾಣುವ ಬಾಯಿ. ಕಾಲು ತುಂಡಾದರೆ ಇದಕ್ಕೆ ಹೊಸ ಕಾಲು ಹುಟ್ಟುತ್ತದೆ. ಅದು ಹೇಗೆ ಎಂದು ತಿಳಿಯಲು ಇಲ್ಲಿ ನೂರಾ ಹದಿನೆಂಟು ಮರಿ ಸಾಕಿದ್ದಾರೆ. ಮಧ್ಯಾಹ್ನ ಹೊರಗೆ ಮೂವತ್ತೊಂಬತ್ತು ಡಿಗ್ರಿ ಬಿಸಿಲು. ಇವಕ್ಕೆ ಹದಿನೇಳು ಡಿಗ್ರಿಯ ನೀರೇ ಬೇಕು.

ಆರು ವರ್ಷದ ಹಿಂದೆ ಕಸ ಗುಡಿಸಲು ಸೇರಿದ ಕರಿಯಕ್ಕ ಈಗ ಈ ಕೋಣೆಯ ಆರೈಕೆಯವರು. ದಿನಕ್ಕೆ ನಲವತ್ತೆರಡು ಟಬ್ಬಿನ ನೀರು ಬದಲಿಸುತ್ತಾರೆ. ಕ್ಲೋರಿನ್ ಹೋಗಲೆಂದು ಆರು ಡ್ರಮ್ಮಿನಲ್ಲಿ ನೀರು ಹಿಡಿದು ಒಂದು ದಿನ ಬಿಡುತ್ತಾರೆ. ಎರಡು ಹೊತ್ತು ಎರೆಹುಳು ಹೆಚ್ಚಿ ಹಾಕುತ್ತಾರೆ. ವಯಸ್ಸು ನಲವತ್ತೇಳು. ಮಾತಾಡುವಾಗಲೂ ಒಂದು ಕಡೆ ನಿಲ್ಲುವವರಲ್ಲ. ಒಂದು ಮಾತು ಡ್ರಮ್ಮಿನ ಹತ್ತಿರ ಶುರುವಾದರೆ ಸಿಂಕಿನ ಹತ್ತಿರ ಮುಗಿಯುತ್ತದೆ.

ಈ ಮರಿಯ ಬಲಗಡೆಯ ಮುಂಗಾಲು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಪ್ರಯೋಗಕ್ಕೆಂದು ಯಾರೂ ಕತ್ತರಿಸಿದ್ದಲ್ಲ. "ನನ್ನ ದಡ್ಡತನಕ್ಕೆ ಹೋಗಿದ್ದು," ಎನ್ನುತ್ತಾರೆ ಕರಿಯಕ್ಕ.

ಅವರ ತವರು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಎಂಟನೇ ವಯಸ್ಸಿನಿಂದ ಅವ್ವನ ಜೊತೆ ರೇಷ್ಮೆಹುಳ ಸಾಕಿದವರು. ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ. ಹಾಕಿದರೆ ಬೆಳೆಯೇ ಕೆಡುತ್ತದೆ. "ಜ್ವರಕ್ಕೆ ಕುಂತಾಗ ಒಂದೆಲೆ ಹಾಕಿದ್ರೂ ನಮ್ಮವ್ವ ಬೆನ್ನಿಗೆ ಗುದ್ದೋಳು."

ಮರಿಯ ಕಾಲು ಹೋಗುವ ಹಿಂದಿನ ದಿನ ಬೆಳಗ್ಗೆ ಒಂದು ಟಬ್ಬಿನ ಹನ್ನೆರಡು ಮರಿಗಳೂ ತಳಕ್ಕೆ ಕೂತಿದ್ದವು. ಅಲ್ಲಾಡಲಿಲ್ಲ. ಕರಿಯಕ್ಕನಿಗೆ ರೇಷ್ಮೆಹುಳದ ಹಳೆಯ ಲೆಕ್ಕವೇ ನೆನಪಿಗೆ ಬಂತು. ಬೆಳಗ್ಗೆ ಹುಳ ಹಾಕಲಿಲ್ಲ, ಸಂಜೆಯೂ ಹಾಕಲಿಲ್ಲ. ಮರುದಿನ ಬಂದು ನೋಡಿದರೆ ಹಸಿದ ಮರಿಗಳು ಪಕ್ಕದ್ದರ ಕಾಲಿಗೇ ಬಾಯಿ ಹಾಕಿದ್ದವು.

ಮರಿಗಳು ಕಚ್ಚಾಡುವುದು ಇಲ್ಲಿ ಹೊಸದಲ್ಲ. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕರಿಯಕ್ಕನೇ ಹೋಗಿ ವಿಜ್ಞಾನಿ ದಿವ್ಯಾ ಅವರಿಗೆ ಹೇಳಿದರು. ದಿವ್ಯಾ ಬೈಯಲಿಲ್ಲ, ಮರಿಯನ್ನು ಬೇರೆ ಟಬ್ಬಿಗೆ ಹಾಕಿಸಿದರು. ಐದನೇ ದಿನ ಗಾಯದ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿತು. ಅದು ಭುಜ ದಾಟಿದರೆ ಮರಿಯನ್ನು ನೋವಾಗದಂತೆ ಮುಗಿಸಬೇಕು, ಕೇಂದ್ರದ ನಿಯಮ ಹಾಗಿದೆ ಎಂದರು ದಿವ್ಯಾ.

ಆಮೇಲಿನ ಒಂದು ವಾರ ಕರಿಯಕ್ಕ ಊಟಕ್ಕೆ ಮನೆಗೆ ಹೋಗಲಿಲ್ಲ. ದಿನಕ್ಕೆರಡು ಸಲ ಹತ್ತು ನಿಮಿಷ ಉಪ್ಪುನೀರು, ಮತ್ತೆ ತಣ್ಣೀರು. ಕುರಿ ಕಾಯುವ ಗಂಡ ಜುಂಜಣ್ಣ ಕಾವಲಿನಿಂದ ಬಂದು ಬೇಲಿಯಾಚೆ ನಿಂತು ಕೂಗುತ್ತಿದ್ದರಂತೆ.

"ಲೇ, ಹೆಂಗೈತೆ ನಿನ್ನ ನೀರಿನ ಓತಿಕ್ಯಾತ? ನಮ್ಮ ಕುಂಟ ಕುರಿಗೆ ಒಂದು ದಿನ ಹಿಂಗ್ ಮಾಡಿದ್ದೀಯಾ?"

"ನಿನ್ ಕುರಿಗೆ ದಬ್ಬೆ ಕಟ್ಟಿದ್ರೆ ಮುಗೀತು. ಇದಕ್ಕೆ ಕಾಲೇ ಹುಟ್ಬೇಕು, ಸುಮ್ಕೆ ಹೋಗು!"

ಬೂಷ್ಟು ಮೊಣಕೈ ತನಕ ಬಂದು ನಿಂತಿತು. ಹನ್ನೆರಡನೇ ದಿನ ಅದೇ ಜಾಗದಲ್ಲಿ ರಾಗಿಕಾಳಿನಷ್ಟು ಮೊಗ್ಗು. ಈಗ ಅದರಲ್ಲಿ ಮೂರು ಬೆರಳಿವೆ, ನಾಲ್ಕನೆಯದು ಇನ್ನೂ ಬರೀ ಚುಕ್ಕೆ. ಇಷ್ಟೆಲ್ಲ ಆದ ಮೇಲೆ ನಿನ್ನೆಯಿಂದ ಮರಿ ಬಾಯಿ ಬಿಡುತ್ತಿಲ್ಲ. ಹತ್ತು ಗಂಟೆಗೆ ದಿವ್ಯಾ ನೋಡಲು ಬರುತ್ತಾರೆ. ಸೊರಗುತ್ತಿದೆ ಎಂದು ಅವರಿಗೆ ಅನ್ನಿಸಿದರೆ ಮತ್ತೆ ಅದೇ ನಿಯಮ.

ಕರಿಯಕ್ಕ ಡ್ರಮ್ಮಿನವರೆಗೆ ಹೋಗಿ ವಾಪಸ್ ಬರುತ್ತಾರೆ. ಕಿವಿರು ನೋಡುತ್ತಾರೆ. ಮತ್ತೆ ಹೋಗುತ್ತಾರೆ. ನೀರಿಗೆ ಬೆರಳದ್ದುತ್ತಾರೆ, ಕೆಳಗಿನ ಹಲಗೆಯ ಟಬ್ಬಿಗೂ ಅದ್ದುತ್ತಾರೆ. ಅಲ್ಲೇ ಅವರ ಮುಖ ಬದಲಾಗುತ್ತದೆ.

"ಅಯ್ಯೋ ನನ್ ಕಣ್ಣು ಹೋಗ! ಮೇಲಿನ ತಟ್ಟೆಗೆ ಯಾವತ್ತೂ ಬಿಸಿ ಜಾಸ್ತಿ ಅಲ್ವೇನ್ರಿ? ರೇಷ್ಮೆಹುಳದ ಮನೇಲಿ ದಿನಾ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಮಾಡ್ತಿದ್ವಿ. ಮೊನ್ನೆ ಇದನ್ನ ಮೇಲಕ್ಕಿಟ್ಟವ್ರೆ, ನಾನೂ ಸುಮ್ಕಿದ್ದೆ."

ಥರ್ಮಾಮೀಟರ್ ತೂಗುತ್ತಿರುವುದು ಕೆಳಗಿನ ಹಲಗೆಯಲ್ಲಿ, ಅಲ್ಲಿ ಹದಿನೇಳು. ತಂದು ಮೇಲೆ ಅದ್ದಿದರೆ ಇಪ್ಪತ್ತಮೂರು. ಕರಿಯಕ್ಕ ಟಬ್ಬನ್ನು ಎದೆಗವಚಿ ಕೆಳಗಿಳಿಸುತ್ತಾರೆ. ಒಂದೇ ಸಲ ತಣ್ಣಗಾದರೂ ಮರಿ ತಡೆಯದು. ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆಗೊಂದು ಲೋಟ ನೀರು ತೆಗೆದು, ಒಂದು ಲೋಟ ತಣ್ಣೀರು ಬಿಡುತ್ತಾರೆ. ಕಾಫಿ ಕುಡಿಯಿರಿ ಎಂದರೆ "ಬರ್ತೀನಿ ಬರ್ತೀನಿ" ಎನ್ನುತ್ತಾರೆ, ಹೋಗುವುದಿಲ್ಲ.

ಹತ್ತಕ್ಕೆ ದಿವ್ಯಾ ಬರುತ್ತಾರೆ. ನೀರು ಹದಿನೆಂಟಕ್ಕೆ ಇಳಿದಿದೆ. ಚಿಮಟದಲ್ಲಿ ಹುಳದ ಚೂರು ಹಿಡಿದು ಮರಿಯ ಮುಂದೆ ಆಡಿಸುತ್ತಾರೆ. ಮರಿ ಮುಖ ತಿರುಗಿಸುತ್ತದೆ. ಕರಿಯಕ್ಕ ಗೋಡೆ ನೋಡುತ್ತಾರೆ. ಇನ್ನೊಂದು ಚೂರು. ಮರಿ ನಾಲ್ಕೂ ಕಾಲೂರಿ ಮುಂದಕ್ಕೆ ಚಿಮ್ಮಿ ಗುಳುಂ ಎಂದು ನುಂಗುತ್ತದೆ. ಮೂರು ಬೆರಳಿನ ಹೊಸ ಪಾದವೂ ತಳ ಒತ್ತಿದೆ.

"ಏನೂ ಆಗಿಲ್ಲ ಕರಿಯಕ್ಕ, ಚೆನ್ನಾಗಿದೆ. ಇಲ್ಲೇ ಇರಲಿ," ಎನ್ನುತ್ತಾರೆ ದಿವ್ಯಾ.

"ಮೇಲಕ್ಕೆ ಇಟ್ಟಿದ್ದು ಯಾರು ಮೇಡಂ?"

"ನಾನೇ ಕಣ್ರಿ. ಬಗ್ಗೋದು ಬೇಡ, ನೋಡೋಕೆ ಸಲೀಸು ಅಂತ ಇಟ್ಟೆ."

ಬೆಳಗಿನಿಂದ ಮೊದಲ ಸಲ ಕರಿಯಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಅವರದೊಂದು ಆಸೆಯಿದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿರುವುದೆಲ್ಲ ಇಂಗ್ಲಿಷ್. ಅಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಸಬೇಕು. ಮರಿ ಸುಮ್ಮನೆ ಕೂತಿದೆಯೆಂದು ಊಟ ನಿಲ್ಲಿಸಬೇಡಿ. ಮೇಲಿನ ಹಲಗೆ ಬಿಸಿ. ನಾಳೆ ಈ ಕೆಲಸಕ್ಕೆ ಬರುವವರೂ ಇದೇ ಸುತ್ತಿನ ಊರಿನವರು, ಅವರಲ್ಲೂ ರೇಷ್ಮೆಹುಳ ಸಾಕಿದವರು ಇದ್ದೇ ಇರುತ್ತಾರೆ ಎಂಬುದು ಅವರ ಯೋಚನೆ.

ದಿವ್ಯಾ ಪೆನ್ನು ತೆಗೆಯುತ್ತಾರೆ. "ತಪ್ಪು ಮಾಡಿದವರ ಹೆಸರು ಬೇಡ ಅಲ್ವಾ?"

"ಹಾಕ್ರಿ. ಹೆಸರಿಲ್ದಿದ್ರೆ ಯಾರೂ ಓದಲ್ಲ. ಇಬ್ರುದೂ ಹಾಕ್ರಿ, ನಂದು ಮೇಲಿರ್ಲಿ. ಕಾಲು ಹೋಗಿದ್ದು ನನ್ನಿಂದ."